ಕುರ್ಚಿ ಬೇಡಿದ ಬಟ್ಟಲು

ನನ್ನ ಚಪ್ಪೆಯೊಳಗೆ, ತೊಡೆ ಸೊಂಟಕ್ಕೆ ಸೇರುವ ಕೀಲಿನಲ್ಲಿ, ಒಂದು ಬಟ್ಟಲು ಇದೆ. ಕುರ್ಚಿಯ ಮೇಲೆ ಕೂಡುವ ಮಂದಿಯನ್ನು ನೋಡಿ ಮಾಡಿದ ಬಟ್ಟಲು. ಅದನ್ನು ನನಗೆ ಹಾಕಿದ್ದಾರೆ. ನಗು ಬಂದರೆ ನಗಿ. ನಾನಂತೂ ದವಾಖಾನೆಯಿಂದ ಬಂದಾಗಿನಿಂದ ನಗುತ್ತಲೇ ಇದ್ದೇನೆ. ಸೈದಮ್ಮನಿಗೆ ಚಪ್ಪೆಯ ಜೊತೆ ತಲೆಯೂ ಹೋಗಿದೆ ಅಂತ ಕೇರಿಯಲ್ಲಿ ಮಾತಾಡಿಕೊಂಡರು.

ಕಮಲಾಪುರದ ಕಡೆ ಮಹಾಗಾಂವ ದಾಟಿ ಒಳಗೆ ಹೋದರೆ ನಮ್ಮ ಊರು. ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರೊಂದೇ ಹಾಗೆ ಅಂದುಕೊಂಡು ನೀವು ಆರಾಮಾಗಿ ನಿದ್ದೆ ಮಾಡುತ್ತೀರಿ. ಊರ ನಡುವೆ ಖಂಡೆಪ್ಪ ಸಾಹುಕಾರನ ವಾಡೆ. ಊರ ಹೊರಗೆ ನಮ್ಮ ಕೇರಿ. ಹೊಲ ಅವನದು, ತೊಗರಿ ಅವನದು, ಟೆಂಪೋ ಅವನದು. ಕಳೆ ಕೀಳುವ, ಕೊಯ್ಯುವ, ಹಸನು ಮಾಡುವ ಕೈ ನಮ್ಮವು.

ಎರಡು ವರ್ಷದ ಹಿಂದಿನ ಸುಗ್ಗಿಯಲ್ಲಿ ಆ ಟೆಂಪೋದಲ್ಲಿ ತೊಗರಿ ಚೀಲ ಹೇರಿ, ಚೀಲಗಳ ಮೇಲೆ ನಮ್ಮನ್ನು ಹೇರಿದರು. ತಿರುವಿನಲ್ಲಿ ಟೆಂಪೋ ಮಗುಚಿತು. ನಾನು ಕೆಳಗೆ, ಚೀಲಗಳು ಮೇಲೆ. ಚಪ್ಪೆ ಮುರಿಯಿತು. ಖಂಡೆಪ್ಪ ಓಡಿ ಬಂದ. ಮೊದಲು ಚೀಲ ಎತ್ತಿಸಿದ. ಚೆಲ್ಲಿದ ತೊಗರಿ ಬಳಿಸಿದ. ಆಮೇಲೆ ನಮ್ಮ ಕಡೆ ನೋಡಿದ. ವಾರದೊಳಗೆ ಟೆಂಪೋ ರಿಪೇರಿಯಾಗಿ ರಸ್ತೆಗೆ ಬಂತು. ನನ್ನ ಎಲುಬು ವಾರೆಯಾಗಿ ಕೂಡಿತು. ಕೀಲು ಸವೆಯಿತು. ಹೆಜ್ಜೆ ಇಟ್ಟರೆ ಎಲುಬಿಗೆ ಎಲುಬು ತಿಕ್ಕಿ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ಕಳೆ ಕಿತ್ತೆ. ಕುಕ್ಕರಗಾಲಲ್ಲೇ ಕಿತ್ತೆ. ನಿಂತು ಕಳೆ ಕೀಳುವ ದಾರಿಯನ್ನು ಯಾರೂ ಕಂಡುಹಿಡಿದಿಲ್ಲವಲ್ಲ.

ವಾಡೆಯದೊಂದು ರಿವಾಜು ಇದೆ. ತೊಗರಿ ಹಸನು ಮಾಡಲು ಕೂಡುವ ಮೊದಲ ದಿನ ಕೇರಿಯ ಹೆಂಗಸರು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಸೆರಗು ಒಡ್ಡಬೇಕು. ಸಾಹುಕಾರನ ತಾಯಿ ನೀಲಗಂಗಮ್ಮ ಕಟ್ಟೆಯ ಮೇಲೆ ನಿಂತು ಮೊರದಿಂದ ಕಾಳು ಸುರಿಯುತ್ತಾಳೆ. ಕೈಗೆ ಕೈ ತಾಗಬಾರದು, ಅದಕ್ಕೇ ಅಷ್ಟು ಎತ್ತರದಿಂದ. ಅರ್ಧ ಸೆರಗಿಗೆ ಬೀಳುತ್ತದೆ, ಅರ್ಧ ಮಣ್ಣಿಗೆ. ಮಣ್ಣಿಗೆ ಬಿದ್ದದ್ದನ್ನು ಆರಿಸಿಕೊಂಡು, ಕಟ್ಟೆಗೆ ಹಣೆ ಹಚ್ಚಿ, ಕೆಲಸಕ್ಕೆ ಕೂಡಬೇಕು. ಇದಕ್ಕೆ ಉಡಿ ತುಂಬುವುದು ಅಂತ ಹೆಸರು. ತಮ್ಮ ಮನೆಯ ಬಸುರಿಗೆ ಉಡಿ ತುಂಬುವಾಗ ಇವರು ಎದುರು ಕೂಡುತ್ತಾರೆ.

ಹೋದ ಮಳೆಗಾಲದಲ್ಲಿ ನನ್ನ ಗಂಡ ಸಾಯಬಣ್ಣ ನನ್ನನ್ನು ಕಲಬುರಗಿಯ ದವಾಖಾನೆಗೆ ಕರೆದುಕೊಂಡು ಹೋದ. ಕೀಲು ಬದಲಿಸಬೇಕು, ಸರಕಾರಿ ಯೋಜನೆಯಲ್ಲಿ ಆಗುತ್ತದೆ ಅಂದರು. ಮದಿಹಾ ಅಂತ ಡಾಕ್ಟರ್. ವಯಸ್ಸು ಚಿಕ್ಕದು, ಮಾತು ಪಟಪಟ. ಆಪರೇಷನ್ನಿನ ಹಿಂದಿನ ದಿನ ಒಂದು ನಮೂನೆಯ ಬಟ್ಟಲು ತಂದು ನನ್ನ ಅಂಗೈ ಮೇಲೆ ಇಟ್ಟಳು.

"ಇದು ಟೈಟೇನಿಯಂ. ಹೊರಗ ಮುಟ್ಟಿ ನೋಡಮ್ಮ. ಹೆಂಗ ಅದ?"

"ಖರಖರ ಅದ್ರಿ."

"ಒಳಗ?"

"ನುಣ್ಣಗ ಅದ."

"ಒಳಗಿಂದು ಗಟ್ಟಿ ಪ್ಲಾಸ್ಟಿಕ್. ತೊಡಿ ಎಲುಬಿನ ತುದೀಗೆ ಒಂದು ಗುಂಡು ಕೂಡಸ್ತೀವಿ, ಅದು ಇದರಾಗ ತಿರುಗ್ತದ, ಅದಕ್ಕ ನುಣುಪು ಬೇಕು. ಹೊರಗ ಒರಟು ಯಾಕಂದ್ರ ನಿನ್ನ ಎಲುಬು ಅದರ ಸಂದ್ಯಾಗ ಬೆಳದು ಹಿಡಕೋಬೇಕು. ಹಿಡೀತಂದ್ರ ಬಟ್ಟಲು ನಿನ್ನದ ಆಗ್ತದ."

"ಸಿಮೆಂಟ್ ಹಚ್ಚಂಗಿಲ್ಲೇನ್ರಿ?"

"ವಯಸ್ಸಾದೋರಿಗೆ ಹಚ್ತೀವಿ. ನಿನ್ನ ಎಲುಬು ಗಟ್ಟಿ ಅದ. ಕುಣಿ ಜರಾ ಸಣ್ಣದು ಕೊರೀತೀವಿ, ಬಟ್ಟಲು ಜರಾ ದೊಡ್ಡದು ಇರ್ತದ. ಬಡದು ಕೂಡಸ್ತೀವಿ. ಬೇಕಾದ್ರ ಸ್ಕ್ರೂ."

"ಸುತ್ತಿಗಿಲೇ ಬಡೀತೀರೇನು?"

"ಸುತ್ತಿಗಿಲೇ."

"ಅಯ್ಯ, ಒಳಕಲ್ಲು ಕೂಡಸಿದಾಂಗ ಆಯ್ತಲ್ರಿ!"

ಮದಿಹಾ ನಕ್ಕಳು. ನಾನು ನಗಲಿಲ್ಲ. ಅಪ್ಪ ನೆನಪಾದ. ಖಂಡೆಪ್ಪನ ವಾಡೆಯ ಅಡುಗೆಮನೆಯಲ್ಲಿ ಒಳಕಲ್ಲು ಕೂಡಿಸಿದವನು ನನ್ನ ಅಪ್ಪ. ನೆಲ ಅಗೆದು, ಕಲ್ಲು ಇಳಿಸಿ, ಸುತ್ತ ಹರಳು ಜಡಿದು ಗಟ್ಟಿ ಮಾಡಿದ. ಕೆಲಸ ಮುಗಿಸಿ ಅವನು ಹೊರಗೆ ಬಂದ ಮೇಲೆ ಆ ನೆಲಕ್ಕೆ ಗೋಮೂತ್ರ ಚಿಮುಕಿಸಿದರು. ತಾನು ಕೂಡಿಸಿದ ಕಲ್ಲನ್ನು ಅವನು ಮತ್ತೆ ನೋಡಲಿಲ್ಲ. ಆ ಕಲ್ಲಿನಲ್ಲಿ ಕುಟ್ಟಿದ ಚಟ್ನಿಯನ್ನು ಇಷ್ಟು ವರ್ಷ ಅವರು ತಿಂದಿದ್ದಾರೆ. ಅದು ಮಾತ್ರ ಅವರಿಗೆ ಮೈಲಿಗೆ ಅಲ್ಲ.

ಆಪರೇಷನ್ ದಿನ ಬೆನ್ನಿಗೆ ಸೂಜಿ ಚುಚ್ಚಿ ಟೊಂಕದ ಕೆಳಗೆ ಜೋಮು ಹಿಡಿಸಿದರು. ಎದೆಯ ಮುಂದೆ ಹಸಿರು ಬಟ್ಟೆ ಕಟ್ಟಿದರು. ಎಚ್ಚರವಿದ್ದೆ. ಮೊದಲು ಗರಗರ ಕೊರೆದರು. ಆಮೇಲೆ ಸುತ್ತಿಗೆ. ಠಕ್. ಠಕ್. ಮಂಚದ ಸಮೇತ ನಾನು ಅಲುಗಿದೆ. ನಗು ತಡೆಯಲಾಗಲಿಲ್ಲ. ಕಿಸಕ್ಕನೆ ನಕ್ಕೆ.

"ಯಾರದು ನಗಾಕತ್ತಿದ್ದು?" ಬಟ್ಟೆಯ ಆಚೆಯಿಂದ ಮದಿಹಾಳ ದನಿ.

"ನಾ ರೀ, ಸೈದಮ್ಮ."

"ನೋವಾಗ್ತದೇನು?"

"ಇಲ್ರಿ. ಬಡ್ಯಾಕತ್ತೀರಿ, ಖರೇ ನೋವಾಗವಲ್ದು. ಹಿಂಗ ಆಗಿದ್ದು ಇದ ಮೊದಲ ಸಲ."

ಒಂದು ಕ್ಷಣ ಸುತ್ತಿಗೆ ನಿಂತಿತು. ಮತ್ತೆ ಬಡಿದರು. ಸಪ್ಪಳ ಬದಲಾಯಿತು. ಟೊಳ್ಳು ಹೋಗಿ ಗಟ್ಟಿಯಾಯಿತು. "ಕೂತಿತು" ಅಂದಳು ಮದಿಹಾ. ನಾನು ಬಟ್ಟೆಯ ಈಚೆ ಕಣ್ಣು ಮುಚ್ಚಿ ಅಪ್ಪನಿಗೆ ಶರಣು ಅಂದೆ.

ಡಿಸ್ಚಾರ್ಜ್ ದಿನ ಮಂಚದ ಪಕ್ಕ ನಿಂತು ಮದಿಹಾ ಕಟ್ಟಪ್ಪಣೆ ಮಾಡಿದಳು.

"ಕೇಳಿಸ್ಕೊ. ನೆಲದ ಮ್ಯಾಲ ಕೂಡಬ್ಯಾಡ. ಕುಕ್ಕರಗಾಲು ಬಿಲ್ಕುಲ್ ಬ್ಯಾಡ. ಟೊಂಕ ಬಗ್ಗಿಸಿ ಯಾರ ಕಾಲೂ ಬೀಳಬ್ಯಾಡ. ನಿನ್ನ ಹಳೇ ಎಲುಬು ವಾರಿ ಇತ್ತು, ನೀ ಜಾಸ್ತಿ ಹುಷಾರಿರಬೇಕು. ಪೂರಾ ಮಡಚಿದ್ರ ಗುಂಡು ಬಟ್ಟಲದಾಗಿಂದ ಹೊರಗ ಜಾರ್ತದ."

"ಜಾರಿದ್ರ?"

"ಬಿದ್ದಲ್ಲೇ ಬಿದ್ದಿರ್ತೀ. ಮತ್ತ ಆಪರೇಷನ್. ಎರಡನೇ ಸಲ ಇಷ್ಟು ಛಲೋ ಕೂಡ್ತದಂತ ನಾ ಹೇಳಂಗಿಲ್ಲ."

"ಹಂಗಾರ ನಾ ಎಲ್ಲಿ ಕೂಡ್ಲಿ?"

"ಕುರ್ಚಿ ಮ್ಯಾಲ."

"ಯಾರ ಮುಂದ?"

ಮದಿಹಾಗೆ ತಿಳಿಯಲಿಲ್ಲ. "ಯಾರ ಮುಂದಾದ್ರೂ" ಅಂದಳು.

"ಇನ್ನೊಮ್ಮೆ ಹೇಳ್ರಿ."

"ಯಾರ ಮುಂದಾದ್ರೂ ಕುರ್ಚಿ ಮ್ಯಾಲ ಕೂಡು, ಸೈದಮ್ಮ. ಇದನ್ನ ಡಿಸೈನ್ ಮಾಡಿದೋರು ಕುರ್ಚಿ ಮ್ಯಾಲ ಕೂಡೋರನ್ನ ನೋಡೇ ಮಾಡ್ಯಾರ. ನೆಲದ ಮ್ಯಾಲ ಕೂಡೋರು ಅವರ ನೆನಪಿಗೇ ಬಂದಿಲ್ಲ. ನಮ್ಮ ಅಮ್ಮೀಗೂ ಇದ ಆಗ್ಯಾದ. ಈಗ ನಮಾಜೂ ಕುರ್ಚಿ ಮ್ಯಾಲೇ."

ಮೊದಲು ನನಗೆ ಬೆಂಕಿಯಂಥ ಸಿಟ್ಟು ಬಂತು. ಒಲೆ ಊದುವುದು ಕೂತು. ಕಳೆ ಕೀಳುವುದು ಕೂತು. ಕಾಳು ಕೇರುವುದು ಕೂತು. ಹೊರಕಡೆಗೆ ಹೋಗುವುದೂ ಕೂತು. ಜಗತ್ತಿನ ಅರ್ಧ ಹೆಂಗಸರು ಕುಕ್ಕರಗಾಲಲ್ಲಿ ಬದುಕು ಸವೆಸಿದ್ದಾರೆ. ಬಟ್ಟಲು ಮಾಡಿದ ಜಾಣರಿಗೆ ಅವರಲ್ಲೊಬ್ಬಳೂ ಕಣ್ಣಿಗೆ ಬೀಳಲಿಲ್ಲವೇ? ಹೀಗೆ ಬೈಯುತ್ತ ಕೋಲು ಊರಿಕೊಂಡು ದವಾಖಾನೆಯ ಪಡಸಾಲೆಯಲ್ಲಿ ನಡೆದೆ. ಅರ್ಧ ದಾರಿಯಲ್ಲಿ ನಿಂತೆ. ಡಾಕ್ಟರ್ ಹೇಳಿದ್ದನ್ನು ಮತ್ತೆ ಮನಸ್ಸಿನಲ್ಲೇ ಆಡಿಕೊಂಡೆ. ನೆಲದ ಮೇಲೆ ಕೂಡಬೇಡ. ಯಾರ ಕಾಲೂ ಬೀಳಬೇಡ. ಯಾರ ಮುಂದಾದರೂ. ಸಿಟ್ಟು ಇದ್ದಲ್ಲೇ ಇತ್ತು, ಅದರ ಮೇಲೆ ನಗು ಉಕ್ಕಿತು. ಸಾಯಬಣ್ಣ ಗಾಬರಿಯಾಗಿ ನನ್ನ ರೆಟ್ಟೆ ಹಿಡಿದ.

"ಏನಾಯ್ತ?"

"ಕುರ್ಚಿ ಕೊಡಸು."

ಶಹಾಬಜಾರದ ಗಲ್ಲಿಯಲ್ಲಿ ಗುಲಾಮ್ ರಸೂಲ್ ಅನ್ನುವವರ ಪ್ಲಾಸ್ಟಿಕ್ ಸಾಮಾನಿನ ಅಂಗಡಿ. "ಕೂತು ನೋಡ್ರಿ, ಬಾಯಿ. ಕೂಡದೇ ಕುರ್ಚಿ ಹೆಂಗ ತಿಳೀತದ?" ಅಂದರು. ನನಗೆ ಇಷ್ಟು ವಯಸ್ಸಿನಲ್ಲಿ ಯಾರೂ ಹಾಗೆ ಅಂದಿರಲಿಲ್ಲ. ಅಂಗಡಿಯ ಎಲ್ಲ ಕುರ್ಚಿಯ ಮೇಲೂ ಕೂತೆ. ಬಿಳಿಯದರ ಮೇಲೆ, ನೀಲಿಯದರ ಮೇಲೆ, ಕೈ ಇದ್ದದ್ದರ ಮೇಲೆ, ಇಲ್ಲದ್ದರ ಮೇಲೆ. ಕೂತಾಗೊಮ್ಮೆ ಸೆರಗು ಸರಿಮಾಡಿಕೊಂಡು ಸಾಯಬಣ್ಣನಿಗೆ "ಹೆಂಗ ಕಾಣ್ತೀನಿ?" ಅಂದೆ. ಅವನು ಬೀದಿಯ ಕಡೆ ನೋಡಿ ನಾಚಿಕೊಂಡ. ಎತ್ತರದ ಕೆಂಪು ಕುರ್ಚಿ ಆರಿಸಿದೆ. ಗುಲಾಮ್ ರಸೂಲ್ ಚಹಾ ತರಿಸಿದರು. ಅದನ್ನೂ ಕುರ್ಚಿಯ ಮೇಲೆ ಕೂತೇ ಕುಡಿದೆ.

ಬಸ್ಸಿನಲ್ಲಿ ಕಂಡಕ್ಟರ್ ಅಡ್ಡ ನಿಂತ. "ಇದಕ್ಕ ಲಗೇಜ್ ತಗಸಬೇಕು."

"ಹೆಣ್ಮಕ್ಕಳಿಗಿ ಫ್ರೀ ಅಲ್ಲೇನ್ರಿ?"

"ನಿಮಗ ಫ್ರೀ. ಕುರ್ಚೀಗಿ ಅಲ್ಲ."

"ಕುರ್ಚಿನೂ ಹೆಣ್ಣೇ ರೀ. ನೋಡ್ರಿ, ಎಷ್ಟು ಮಂದಿ ಕೂತ್ರೂ ತಾಳ್ತದ."

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರನೂ ನಕ್ಕು ಮುಂದೆ ಹೋದ. ಮನೆಗೆ ಬಂದ ಮೇಲೆ ಸಾಯಬಣ್ಣ ಎಲ್ಲಿಂದಲೋ ಒಂದು ಹಳೇ ಕುರ್ಚಿ ತಂದು ನಡುವೆ ತೂತು ಕೊರೆದು ಪಾಯಖಾನೆಯಲ್ಲಿ ಇಟ್ಟ. ಸೈದಮ್ಮ ಎರಡು ಕುರ್ಚಿಯ ರಾಣಿ ಅಂತ ಕೇರಿಯ ಹೆಂಗಸರು ಚೇಷ್ಟೆ ಮಾಡಿದರು. ಕೋಲು ಬಿಟ್ಟೆ. ನೋವಿಲ್ಲದೆ ನಡೆದೆ. ಬೇಕಿಲ್ಲದಿದ್ದರೂ ನಡೆದೆ. ಹಳ್ಳದ ತನಕ ಹೋಗಿ ಸುಮ್ಮನೆ ತಿರುಗಿ ಬಂದೆ. ನಡೆಯುವುದರಲ್ಲಿ ಇಷ್ಟು ನಶೆ ಇದೆ ಅಂತ ಕಾಲು ಇದ್ದಾಗ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ವಾಡೆಯ ಹಿಂದಿನ ದಾರಿಯಲ್ಲಿ ಹಾಗೆ ನಡೆಯುತ್ತಿದ್ದೆ. ಹಿತ್ತಲ ಬಾಗಿಲಲ್ಲಿ ನೀಲಗಂಗಮ್ಮ ನಿಂತಿದ್ದಳು. ಅವಳ ಚಪ್ಪೆಯೂ ಸವೆದಿದೆ, ಮುಪ್ಪಿನ ಸವೆತ. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿರುವ ಮೊಮ್ಮಗ ಆಪರೇಷನ್ ಮಾಡಿಸೋಣ ಅನ್ನುತ್ತಿದ್ದ. ಮುದುಕಿಗೆ ಅಂಜಿಕೆ.

"ಸೈದಿ, ಇಲ್ಲಿ ಬಾ. ಖರೇನೇ ಎಲುಬಿನಾಗ ಬಟ್ಟಲ ಇಡ್ತಾರೇನ?"

"ಇಡ್ತಾರ್ರಿ ಅವ್ವಾರ."

"ಸುಳ್ಳ ಹೇಳಬ್ಯಾಡ."

"ಮುಟ್ಟಿ ನೋಡ್ರಿ."

ಮುದುಕಿ ಈ ಕಡೆ ನೋಡಿದಳು, ಆ ಕಡೆ ನೋಡಿದಳು. ಕೈ ಚಾಚಿದಳು. ಸೀರೆಯ ಮೇಲಿಂದ ಹೊಲಿಗೆಯ ಗುರುತು ಹಿಡಿದು ಬೆರಳು ಓಡಿಸಿದಳು. ಬಟ್ಟಲು ಆಳದಲ್ಲಿರುತ್ತದೆ, ಕೈಗೆ ಸಿಗುವುದಿಲ್ಲ. ಆದರೂ "ಗಟ್ಟಿ ಅದ" ಅಂದಳು. ಒಂದು ಕಾಲಿನ ಮೇಲೆ ನಿಲ್ಲು ಅಂದಳು, ನಿಂತೆ. ಸರಸರ ನಡಿ ಅಂದಳು, ನಡೆದೆ. ಅವಳ ಕಣ್ಣಲ್ಲಿ ನೀರು ಬಂತು. ನನಗೂ ಅಯ್ಯೋ ಅನಿಸಿತು. "ಆಪರೇಷನ್ ಮಾಡಸ್ಕೊಳ್ರಿ, ಅಂಜಬ್ಯಾಡ್ರಿ" ಅಂದೆ. ಮುದುಕಿ ತಲೆಯಾಡಿಸಿ ಒಳಗೆ ಹೋದಳು. ನಾನಿನ್ನೂ ಹಿತ್ತಲು ದಾಟಿರಲಿಲ್ಲ. ಬಚ್ಚಲಲ್ಲಿ ತಂಬಿಗೆಯಿಂದ ನೀರು ಸುರಿದುಕೊಳ್ಳುವ ಸಪ್ಪಳ ಕೇಳಿಸಿತು. ನನ್ನನ್ನು ಮುಟ್ಟಿದ ಕೈ ತೊಳೆದರೆ ಸಾಲದೆ ಇಡೀ ಮೈ ತೊಳೆಯುತ್ತಿದ್ದಳು.

ತೊಗರಿ ರಾಶಿ ಬಂತು. ನಾಳೆ ವಾಡೆಯ ಅಂಗಳಕ್ಕೆ ಹೋಗಬೇಕು ಅನ್ನುವಾಗ ಸಾಯಬಣ್ಣ ಮೆತ್ತಗೆ ಬಾಯಿ ಬಿಟ್ಟ.

"ಒಂದ ಗಳಿಗಿ ಕೂತು ಎದ್ದುಬಿಡು. ಸಾಹುಕಾರ ಸಿಟ್ಟಾದ್ರ ಇಡೀ ಕೇರಿ ಕೆಲಸ ತಪ್ತದ."

"ಒಂದ ಗಳಿಗಿ ಕೂತ್ರ ಗುಂಡು ಜಾರ್ತದ. ಆಮ್ಯಾಲ ನಾ ಸಾಯೋತನಕ ನೀ ಹೊತ್ತಕೊಂಡು ತಿರುಗ್ತೀಯೇನು?"

ನನಗೂ ಅಂಜಿಕೆ ಇರಲಿಲ್ಲ ಅಂತಲ್ಲ. ಕೂತರೆ ನನ್ನ ಕಾಲು ಹೋಗುತ್ತದೆ, ಕೂಡದಿದ್ದರೆ ಕೇರಿಯ ಕೂಲಿ ಹೋಗುತ್ತದೆ. ಆದರೆ ಆ ಕಾಲು ಹೋದಾಗ ಒಂದೂವರೆ ವರ್ಷ ಯಾರೂ ತಂದುಕೊಡಲಿಲ್ಲ. ಮತ್ತೆ ಬಂದಿದೆ. ಇನ್ನು ಕೊಡುವುದಿಲ್ಲ.

ಮುಂಜಾನೆ ಕೆಂಪು ಕುರ್ಚಿ ತಲೆಯ ಮೇಲೆ ಹೊತ್ತು ಹೊರಟೆ. ಹಿಂದೆ ಕೇರಿಯ ಹೆಂಗಸರು. ಎಲ್ಲರಿಗಿಂತ ಹಿಂದೆ ಮುದುಕಿ ಲಕ್ಕವ್ವ. ಲಕ್ಕವ್ವ ಹುಟ್ಟಿದ್ದು ನಿಜಾಮನ ಕಾಲದಲ್ಲಂತೆ. ಕುಕ್ಕರಗಾಲಲ್ಲಿ ಕೂತು ಕೂತು ನಡೆಯುವಾಗಲೂ ಕೂತ ಹಾಗೇ ಕಾಣುತ್ತಾಳೆ. ಅಂಗಳದಲ್ಲಿ ತೊಗರಿ ಗುಡ್ಡೆ ಬಿದ್ದಿತ್ತು. ಕಲಬುರಗಿ ಪೇಟೆಗೆ ಒಯ್ಯಲು ಟೆಂಪೋ ತಯಾರು ನಿಂತಿತ್ತು. ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತರು. ನಾನು ಸಾಲಿನಲ್ಲಿ ಕುರ್ಚಿ ಇಳಿಸಿದೆ.

ಕಟ್ಟೆಯ ಮೇಲಿಂದ ಖಂಡೆಪ್ಪ ಕೂಗಿದ. "ಏ ಸೈದಿ, ಏನದು?"

"ಕುರ್ಚಿ ರೀ ಸಾಹುಕಾರ್ರೆ."

"ಕಣ್ಣ ಕಾಣ್ತಾವ ನನಗ. ಯಾರಿಗಿ?"

"ನನಗ್ರಿ. ನೆಲದ ಮ್ಯಾಲ ಕೂಡಬ್ಯಾಡ ಅಂತ ಡಾಕ್ಟರ್ ಹೇಳ್ಯಾರ."

"ಡಾಕ್ಟರ್ ಕಲಬುರಗ್ಯಾಗ ಇದ್ದಾಳ. ಇಲ್ಲಿ ನಾ ಇದ್ದೀನಿ. ಕೆಳಗ ಕೂಡು."

"ಕೂಡಂಗಿಲ್ರಿ."

ಆ ಅಂಗಳದಲ್ಲಿ ಆ ಮಾತು ಯಾರೂ ಆಡಿರಲಿಲ್ಲ. ಆಡಿದ ಮೇಲೆ ಬಹಳ ಸಣ್ಣ ಮಾತು ಅನಿಸಿತು. ಇನ್ನೊಮ್ಮೆ ಆಡಬೇಕು ಅನಿಸಿತು.

"ಕೂಡಂಗಿಲ್ರಿ."

"ಮಹಾದೇವಾ! ಆ ಕುರ್ಚಿ ಎತ್ತಿ ಹೊರಗ ಒಗಿ!"

ಮಹಾದೇವ ಅವರ ಮನೆಯ ಆಳು, ಅವರದೇ ಮಂದಿ. ಅವನು ಬರುವಷ್ಟರಲ್ಲಿ ನಾನು ಕುರ್ಚಿಯ ಮೇಲೆ ಕೂತೆ. ಅವನು ಮುಂದೆ ಬಂದ, ನಿಂತ. ಎಡಕ್ಕೆ ಬಂದ, ನಿಂತ. ಹಿಂದೆ ಹೋದ. ಕುರ್ಚಿ ಎತ್ತಬೇಕಾದರೆ ನನ್ನನ್ನು ಎತ್ತಬೇಕು. ನನ್ನನ್ನು ಮುಟ್ಟಿದರೆ ಕುಲ ಕೆಡುತ್ತದೆ. ಅವನು ಗಾಣದ ಎತ್ತಿನ ಹಾಗೆ ನನ್ನ ಸುತ್ತ ತಿರುಗಿದ. ಸಾಲಿನಲ್ಲಿ ಯಾರೋ ಕಿಸಕ್ಕಂದರು.

"ಎತ್ತೋ ಮಹಾದೇವ, ಬಂಗಾರದಂಥಾ ಹುಡುಗಾ" ಅಂದೆ. "ಭಾರ ಇಲ್ಲ ನಾ."

"ನಾಟಕ!" ಖಂಡೆಪ್ಪನ ಮುಖ ಕೆಂಪಾಯಿತು. "ಎಲುಬಿನಾಗ ಟೈಟೇನಿಯಂ ಅಂತ, ಬಟ್ಟಲಂತ! ನಿಮ್ಮಂಥೋರಿಗಿ ಯಾರ ಹಾಕ್ತಾರ ಅದನ್ನ? ಎಲ್ಲಾ ಸುಳ್ಳ!"

"ಸುಳ್ಳಾ? ನಿಮ್ಮ ಅವ್ವಾರನ್ನ ಕೇಳ್ರಿ. ಮುಟ್ಟಿ ನೋಡ್ಯಾರ."

ಕಟ್ಟೆಯ ಕಂಬ ಹಿಡಿದು ಮೊರದ ಜೊತೆ ನಿಂತಿದ್ದ ನೀಲಗಂಗಮ್ಮನ ಕಡೆ ಎಲ್ಲರ ಕಣ್ಣು ಹೋದವು. ಹಿತ್ತಲಲ್ಲಿ ಅವಳ ಕಣ್ಣಲ್ಲಿ ನೀರು ಕಂಡಿದ್ದೆ. ಹೂಂ ಅನ್ನಬಹುದು ಅಂತ ಒಂದು ಆಸೆ ನನಗೂ ಇತ್ತು.

"ಶಿವ ಶಿವ! ನಾ ಯಾಕ ಮುಟ್ಟಲಿ ಆಕಿನ್ನ!" ಅಂದಳು ಮುದುಕಿ.

ಆಸೆ ಸತ್ತಿತು. ಒಳ್ಳೆಯದೇ ಆಯಿತು.

"ಹಂಗಾರ ಅವತ್ತ ಭರ ಮಧ್ಯಾಹ್ನದಾಗ ಯಾಕ ಝಳಕಾ ಮಾಡಿದ್ರಿ, ಅವ್ವಾರ?"

ಮೊದಲು ನಕ್ಕವಳು ಲಕ್ಕವ್ವ. ಹಲ್ಲಿಲ್ಲದ ಬಾಯಿಂದ ಉಫ್ ಅಂತ ಗಾಳಿ ಬಿಟ್ಟಳು. ಆಮೇಲೆ ಅವಳ ಪಕ್ಕ ಕೂತಿದ್ದ ಕಾಶಮ್ಮ. ಆಮೇಲೆ ಸಾಲಿಗೆ ಸಾಲು. ಕುಕ್ಕರಗಾಲಲ್ಲಿ ಕೂತವರು ಒಬ್ಬರ ಮೇಲೊಬ್ಬರು ಉರುಳಿ ಬಿದ್ದು ನಕ್ಕರು. ಮಹಾದೇವ ಕೂಡ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. ಮುದುಕಿಯ ಕೈಯಿಂದ ಮೊರ ಜಾರಿ ಕಾಳು ಚೆಲ್ಲಿತು. ಒಬ್ಬಳೂ ಆರಿಸಲಿಲ್ಲ.

"ನಗಬ್ಯಾಡ್ರಿ! ಸುಮ್ಮ ಕೂಡ್ರಿ ಎಲ್ಲಾ!" ಖಂಡೆಪ್ಪ ಗುಡುಗಿದ.

ಕಾಶಮ್ಮ ಎದ್ದು ನಿಂತಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

"ನನಗೂ ಕೂಡಾಕ ಬರಂಗಿಲ್ರಿ ಸಾಹುಕಾರ್ರೆ. ನನ್ನ ಚಪ್ಪ್ಯಾಗೂ ಬಟ್ಟಲ ಅದ."

"ನಿನಗ ಯಾವಾಗ ಹಾಕಿದ್ರು?"

"ಈಗ ರೀ. ಇಲ್ಲೇ ಕೂತಲ್ಲೇ ಹಾಕಿದ್ರು."

ಇನ್ನೊಬ್ಬಳು ಎದ್ದಳು. "ನನ್ನವು ಎರಡೂ ಕಡಿ ಆಗ್ಯಾವ್ರಿ." ಮತ್ತೊಬ್ಬಳು ಎದ್ದಳು. "ನಂದು ಸ್ಕ್ರೂ ಹಾಕಿದ್ದು." ಅಂಗಳದ ತುಂಬ ಹೆಂಗಸರು ಎದ್ದು ಸೆರಗು ಝಾಡಿಸಿದರು. ನಿಂತಾಗ ಕಟ್ಟೆ ಅವರ ಟೊಂಕದ ಎತ್ತರಕ್ಕಷ್ಟೇ ಬಂತು. ನೀಲಗಂಗಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಇಷ್ಟು ವರ್ಷ ಆ ಕಟ್ಟೆ ಬಹಳ ಎತ್ತರ ಅಂದುಕೊಂಡಿದ್ದೆವು.

ಲಕ್ಕವ್ವ ಕೊನೆಗೆ ಎದ್ದಳು. ಕಾಶಮ್ಮನ ಕೈ ಹಿಡಿದು ಎಷ್ಟಾಗುತ್ತದೋ ಅಷ್ಟು ನೆಟ್ಟಗಾದಳು.

"ನಿನಗೂ ಆಗ್ಯಾದೇನ ಮುದುಕಿ?" ಖಂಡೆಪ್ಪನ ದನಿ ಸೋತಿತ್ತು.

"ನಂದು ನಾಳಿಗಿ ಅದಪಾ" ಅಂದಳು ಲಕ್ಕವ್ವ.

ನಾನು ಕುರ್ಚಿ ತಲೆಗೇರಿಸಿದೆ. ಎಲ್ಲರೂ ಹೊರಗೆ ಬಂದೆವು. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಂಜಿಕೆಯೋ ಖುಷಿಯೋ ಯಾರಿಗೂ ತಿಳಿಯುತ್ತಿರಲಿಲ್ಲ. ಕೂಲಿ ಹೋಯಿತು ಅಂತ ಒಬ್ಬಳು ಅಂದಳು, ಅಂದು ಮತ್ತೆ ನಕ್ಕಳು. ವಾಡೆಯ ಬಾಗಿಲ ಮುಂದೆ, ನಡು ಬೀದಿಯಲ್ಲಿ ಲಕ್ಕವ್ವ ನನ್ನ ಸೆರಗು ಜಗ್ಗಿದಳು.

"ಸೈದಾ, ಇಳಸಬೇ ಅದನ್ನ. ನಾ ಒಮ್ಮಿ ಕೂಡ್ತೀನಿ."

ಇಳಿಸಿದೆ. ಇಬ್ಬರು ಹಿಡಿದು ಅವಳನ್ನು ಕೂರಿಸಿದರು. ಅವಳ ಕಾಲು ನೆಲಕ್ಕೆ ಮುಟ್ಟಲಿಲ್ಲ. ಗಾಳಿಯಲ್ಲಿ ತೂಗಿದವು. ಲಕ್ಕವ್ವ ಎರಡೂ ಕೈ ಕುರ್ಚಿಯ ಕೈಗಳ ಮೇಲೆ ಇಟ್ಟು, ಬೆನ್ನು ಆನಿಸಿ, ಬೀದಿಯ ಈ ತುದಿಯಿಂದ ಆ ತುದಿಯ ತನಕ ನೋಡಿದಳು. ಕಾಲು ಆಡಿಸಿದಳು. ಊರಿನ ಗಂಡಸರು ಕಟ್ಟೆಗಳ ಮೇಲಿಂದ ಬಾಯಿ ತೆರೆದು ನೋಡುತ್ತಿದ್ದರು.

"ಯವ್ವಾ" ಅಂದಳು, "ಬೆನ್ನಿಗಿ ಇಷ್ಟು ಆರಾಮ ಇರ್ತದೇನಬೇ ಇದು? ಇದನ್ನ ಇವರ ಅಪ್ಪಂದು ಅಂತ ಮುಚ್ಚಿಟ್ಕೊಂಡಿದ್ರು!"

ಖಂಡೆಪ್ಪ ಬಾಗಿಲಿಗೆ ಬಂದು ನಿಂತ. ಹಿಂದೆ ಅಂಗಳದಲ್ಲಿ ತೊಗರಿ ಗುಡ್ಡೆ ಹಾಗೇ ಇತ್ತು. ಟೆಂಪೋ ಡ್ರೈವರ್ ಬೀಡಿ ಹಚ್ಚಿ ಕಾಯುತ್ತಿದ್ದ.

"ರಾಶಿ ಯಾರ ಹಸನ ಮಾಡ್ತಾರ?" ಅಂತ ಖಂಡೆಪ್ಪ ಕೇಳಿದ. ನನ್ನನ್ನು ಕೇಳಲಿಲ್ಲ. ಕುರ್ಚಿಯ ಮೇಲೆ ಕೂತವಳನ್ನೇ ಕೇಳಿದ.

ಲಕ್ಕವ್ವ ಏಳಲಿಲ್ಲ.

"ನಾವ ಮಾಡ್ತೀವಪಾ" ಅಂದಳು. "ಕುರ್ಚಿ ಹಾಕಸು."